ಹತ್ತೂ ದಾರಿಯಲ್ಲಿವೆ

ಅದು ಶುರುವಾದದ್ದು ಮಾಗಿ ಮುಗಿದು ಬಿಸಿಲು ಬೆನ್ನಿಗೆ ಹತ್ತುತ್ತಿದ್ದ ದಿನಗಳಲ್ಲಿ, ಬೆಳಗಿನ ಎಂಟೂವರೆಯ ಹೊತ್ತಿಗೆ. ನಾನು ಕಾಲೇಜಿನ ವಿದ್ಯುತ್ ಪ್ರಯೋಗಶಾಲೆಯ ಬೀಗ ತೆಗೆದು, ಕಿಟಕಿಗಳನ್ನು ತೆರೆದು, ಮೇಜುಗಳ ಧೂಳು ಹೊಡೆಯುತ್ತಿದ್ದೆ. ಕಸ್ತೂರಿ ಹೂಗಾರ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲೊಂದು ಕಾಗದವಿತ್ತು. ನಾನು ಓದಿದ್ದು ನಾಲ್ಕನೆಯ ಇಯತ್ತೆಯ ತನಕ ಮಾತ್ರ, ಇಂಗ್ಲಿಷ್ ಕಾಗದ ನನಗೆ ಬಾರದು ಎಂದು ಅವಳಿಗೆ ಗೊತ್ತಿತ್ತು. ತಾನೇ ಓದಿ ಹೇಳಿದಳು. ಸರ್ಕ್ಯೂಟಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎರಡನೆಯ ಸಲವೂ ನಪಾಸು. ಮೂರನೆಯ ಸಲವೂ ಹಾಗಾದರೆ ಹೆಸರು ಕಾಲೇಜಿನ ಪಟ್ಟಿಯಿಂದ ಹೋಗುತ್ತದೆ. ಪರೀಕ್ಷೆಗೆ ಇನ್ನು ಇಪ್ಪತ್ತು ದಿನ.

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದಲ್ಲಿಟ್ಟಳು. ಆಮೇಲೆ ಏಳನೇ ನಂಬರಿನ ರಿಯೋಸ್ಟಾಟ್ ಕೊಡಿ ಕಾಕಾ, ಮೊದಲಿನಿಂದ ಮಾಡಿ ನೋಡುತ್ತೇನೆ ಎಂದಳು. ಅಳುವವಳಲ್ಲ ಆಕೆ. ನಾನು ಕಪಾಟಿನ ಕಡೆ ತಿರುಗಿದೆ. ಅವಳ ಮುಖ ನೋಡುವುದಕ್ಕೆ ನನಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಮ್ಮೂರಿನಲ್ಲಿ ಕರೆಂಟು ನಡೆದು ಬರುತ್ತದೆ. ತುಂಬಿದ ಬಸುರಿ ಬಾವಿಯಿಂದ ಮನೆಗೆ ಬರುವಷ್ಟು ನಿಧಾನ, ಆದರೆ ನಡುವೆ ಎಲ್ಲೂ ನಿಲ್ಲುವುದಿಲ್ಲ. ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಹೆಂಗಸರು ಅಕ್ಕಿ ತೊಳೆಯುವಾಗಲೇ ಪಡಸಾಲೆಯ ದೀಪದ ಗುಂಡಿ ಒತ್ತಿಬಿಡುತ್ತಾರೆ, ಅನ್ನ ಬಸಿಯುವ ಹೊತ್ತಿಗೆ ಬೆಳಕು ಬರುತ್ತದೆ. ಸಂಜೆ ಬೀದಿದೀಪಗಳು ಪೇಟೆಯ ಕಂಬದಿಂದ ಶುರುವಾಗಿ ಒಂದೊಂದಾಗಿ ಹತ್ತುತ್ತ ಕೆರೆಯ ಕಡೆಗೆ ಹೋಗುತ್ತವೆ. ತಂತಿ ಎಷ್ಟುದ್ದ ಎಂದು ನಮ್ಮಲ್ಲಿ ಯಾರೂ ಗಜದಲ್ಲಿ ಹೇಳುವುದಿಲ್ಲ, ಹೆಜ್ಜೆಯಲ್ಲಿ ಹೇಳುತ್ತಾರೆ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಓಣಿಯ ಮೂಲೆಯ ಕಂಬದಲ್ಲಿ ಗುಂಡಿ ಒತ್ತಿ, ಅವಳನ್ನು ತಂತಿಯ ಕೆಳಗೇ ನಡೆಸಿಕೊಂಡು ಬರುತ್ತಾರೆ. ಅವಳು ಹೊಸ್ತಿಲು ದಾಟುವುದೂ ಒಳಗಿನ ದೀಪ ಹತ್ತುವುದೂ ಒಂದೇ ಹೊತ್ತಿಗೆ ಆಗಬೇಕು. ಅವಸರ ಮಾಡಿದವಳು ಕತ್ತಲಲ್ಲಿ ನಿಂತು ಬೀಗರ ಬಾಯಿಗೆ ಸಿಗುತ್ತಾಳೆ.

ಗುಂಡಿ ಆರಿಸಿದರೂ ಹಾಗೆಯೇ. ತಂತಿಯೊಳಗೆ ಹೊರಟಾಗಿದ್ದ ಕರೆಂಟು ತನ್ನ ದಾರಿ ಮುಗಿಸಿಯೇ ಹೋಗುತ್ತದೆ.

ಗುಡ್ಡದ ಮೇಲಿನ ವಿದ್ಯುತ್ ಕೇಂದ್ರದಿಂದ ಊರಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಕರೆಂಟಿಗೆ ನಾಲ್ಕು ದಿನ. ಅಲ್ಲಿ ಕುಳಿತಿದ್ದ ಸಂಗಯ್ಯ, ಸೋಮವಾರದ ಮದುವೆಗೆ ಬೇಕಾದ ಬೆಳಕನ್ನು ಗುರುವಾರವೇ ಬಿಡಬೇಕಾಗಿತ್ತು. ಲಗ್ನಪತ್ರಿಕೆ ಮೊದಲು ಅವನಿಗೆ, ಆಮೇಲೆ ದೇವರಿಗೆ ಎಂದು ನಮ್ಮಲ್ಲಿ ನಗುತ್ತಿದ್ದರು. ಆ ಸಂಗಯ್ಯ ಕಣ್ಣು ಮಂಜಾಗಿ, ಮಳೆಗಾಲಕ್ಕೆ ಮುಂಚೆ ಇಳಿದುಬರುತ್ತೇನೆ ಎಂದು ಹೇಳಿ ಕಳಿಸಿದ್ದ. ಅವನ ಜಾಗಕ್ಕೆ ಹೋಗುವವರು ಸರ್ಕ್ಯೂಟಿನ ಪರೀಕ್ಷೆ ಪಾಸಾಗಿರಬೇಕು ಎಂಬ ನೋಟಿಸು ಕಾಲೇಜಿನ ಹಲಗೆಯ ಮೇಲಿತ್ತು. ಅಷ್ಟು ದೂರ, ಒಬ್ಬರೇ, ಯಾರು ಹೋಗುತ್ತಾರೆ ಎಂದು ಮಿಕ್ಕವರು ಅದನ್ನು ಓದದೆ ದಾಟುತ್ತಿದ್ದರು. ಕಸ್ತೂರಿ ಮಾತ್ರ ಅದು ಗಾಳಿಗೆ ಹರಿಯದಂತೆ ನಾಲ್ಕು ಮೂಲೆಗೂ ಮೊಳೆ ಒತ್ತಿದ್ದಳು. ಚಿಕ್ಕವಳಿದ್ದಾಗ ಅವಳ ತಾಯಿ ನೀಲವ್ವ ಸಂಜೆ ಹೂವು ಮಾರಲು ಕೂತಾಗ, ಮಗಳು ಈ ಬೆಳಕನ್ನು ಯಾರು ಕಳಿಸುತ್ತಾರೆ ಎಂದು ಕೇಳಿದ್ದಳಂತೆ. ನಾಲ್ಕು ದಿನದ ಕೆಳಗೆ ಒಬ್ಬ ಕಳಿಸಿದ್ದಾನೆ ಎಂದು ನೀಲವ್ವ ಹೇಳಿದಳಂತೆ. ಅಂದಿನಿಂದ ಅವಳಿಗೆ ಆ ಜಾಗದ ಮೇಲೆಯೇ ಮನಸ್ಸು.

ಈಗ ಪರೀಕ್ಷೆಯ ಕಥೆ ಹೇಳಬೇಕು. ಪ್ರಯೋಗ ಒಂದೇ, ಸುಲಭದ್ದು. ಬ್ಯಾಟರಿಯಿಂದ ಬರುವ ತಂತಿ ಒಂದು ಗಂಟಿನಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ಮೂರನೇ ನಂಬರಿನ ರಿಯೋಸ್ಟಾಟ್, ಇನ್ನೊಂದರಲ್ಲಿ ಏಳನೆಯದು. ಗಂಟಿಗೆ ಎಷ್ಟು ಬಂತೋ ಎರಡೂ ಕವಲಿನಿಂದ ಸೇರಿ ಅಷ್ಟೇ ಹೊರಗೆ ಬರಬೇಕು. ಗಂಟಿಗೆ ಮುಂಚೆ ಒಂದು ಮೀಟರು, ಕವಲುಗಳ ತುದಿಯಲ್ಲಿ ಒಂದೊಂದು. ಒಂದು ಸೆಲ್ಲಿನಿಂದ ಹತ್ತು ಸೆಲ್ಲಿನ ತನಕ ಏರಿಸುತ್ತ ಹತ್ತು ಸಲ ನೋಡಿ ಹತ್ತು ಸಾಲು ಬರೆಯಬೇಕು.

ಹೊರಗಿನ ಊರುಗಳಲ್ಲಿ ಇದು ಅರ್ಧ ತಾಸಿನ ಕೆಲಸವಂತೆ. ರಿಯೋಸ್ಟಾಟ್ ನೋಡಿದವರಿಗೆ ಗೊತ್ತು, ಕರೆಂಟನ್ನು ಹದಕ್ಕೆ ತಡೆಯಲು ಪಿಂಗಾಣಿ ಕೊಳವೆಯ ಮೇಲೆ ಕೂದಲೆಳೆಯಂಥ ತಂತಿಯನ್ನು ಸಾಲು ಸಾಲು ಸುತ್ತಿರುತ್ತಾರೆ. ನೋಡಲಿಕ್ಕೆ ಮೊಳದುದ್ದ. ಬಿಚ್ಚಿದರೆ ಮೂರನೆಯದು ಐನೂರು ಹೆಜ್ಜೆ, ಏಳನೆಯದು ಏಳುನೂರು. ಮೂವತ್ತೊಂದು ವರ್ಷ ಅವುಗಳ ಪಿತ್ತಾಳೆಯನ್ನು ಉಜ್ಜಿದವನು ನಾನು. ಗುಂಡಿ ಒತ್ತಿ ವರಾಂಡದಲ್ಲಿ ಹೆಜ್ಜೆ ಹಾಕಿ ಹಾಕಿ ಒಂದೊಂದರ ಲೆಕ್ಕ ಕಂಡುಕೊಂಡಿದ್ದೆ. ನಮ್ಮ ವಿದ್ಯಾರ್ಥಿಗಳೂ ಮೀಟರಿನ ಮುಳ್ಳು ಏಳುವ ತನಕ ಹಾಗೆಯೇ ತಿರುಗುತ್ತಿದ್ದರು. ಆ ವರಾಂಡದ ಕಲ್ಲು ನಡುವೆ ತಗ್ಗು ಬಿದ್ದಿದೆ.

ಒಂದು ಸಾಲು ಬರೆಯಬೇಕಾದರೆ ಕರೆಂಟು ಬರುವ ತನಕ ಕಾಯಬೇಕು. ಬಂದದ್ದು ಪೂರ್ತಿ ಖಾಲಿಯಾಗುವ ತನಕ ಮತ್ತೆ ಕಾಯಬೇಕು. ಹಳೆಯದು ಒಳಗಿರುವಾಗ ಹೊಸದನ್ನು ಬಿಟ್ಟರೆ ಎರಡೂ ಬೆರೆತು ಕೆಡುತ್ತವೆ ಎಂದು ನಮ್ಮ ಹಿರಿಯರ ಕಾಲದಿಂದ ನಂಬಿಕೆ, ಹಾಲೂ ಮಜ್ಜಿಗೆಯೂ ಬೆರೆತಂತೆ. ಹೀಗೆ ಕಾದರೆ ಮೂರು ತಾಸಿನಲ್ಲಿ ಐದು ಸಾಲು ಮುಗಿಯುವುದೂ ಕಷ್ಟ. ಅದಕ್ಕೆ ಪಾಠ ಹೇಳುವ ಬೆಳವಡಿ ಸರ್ ಒಂದು ರೂಢಿ ಹಾಕಿದ್ದರು. ಮೊದಲ ಸಾಲು ನೋಡಿ ಬರೆಯುವುದು, ಉಳಿದ ಒಂಬತ್ತನ್ನು ಸೂತ್ರ ಹಾಕಿ ತುಂಬುವುದು. ಕೆಟ್ಟ ಮನುಷ್ಯರಲ್ಲ ಅವರು. ಮಕ್ಕಳು ಪಾಸಾಗಲಿ ಎಂಬುದಷ್ಟೇ. ಎಲ್ಲರೂ ಹಾಗೇ ಪಾಸಾದರು. ಕಸ್ತೂರಿ ಮೊದಲ ಸಲ ಐದು ಸಾಲು ಬರೆದು ಐದನ್ನು ಖಾಲಿ ಬಿಟ್ಟಳು. ನೋಡದೆ ಇದ್ದದ್ದನ್ನು ಬರೆಯುವುದಿಲ್ಲ ಎಂದಳು.

ಬೆಳವಡಿ ಸರ್ ನನ್ನ ಎದುರಿಗೇ ಅವಳಿಗೆ ಬುದ್ಧಿ ಹೇಳಿದ್ದರು. "ಪುಸ್ತಕದಾಗ ಕರೆಂಟು ಹಾರ್ತದ, ನಮ್ಮೂರಾಗ ನಡೀತದ. ಪರೀಕ್ಷಾ ಪುಸ್ತಕದ್ದು, ತಿಳೀತಿಲ್ಲೋ?"

ಅದಕ್ಕೆ ಅವಳು, "ಗುಡ್ಡದ ಮ್ಯಾಲ ಹೋದಮ್ಯಾಲೆ ಸೂತ್ರ ಬರದು ಕಳಿಸಿದ್ರ ಊರಾಗ ದೀಪ ಹತ್ತತಾವೇನ್ರೀ ಸರ್?" ಎಂದಳು. ಅವರು ನಕ್ಕರು.

ಎರಡನೆಯ ಸಲ ಅವಳನ್ನು ಕೆಡಿಸಿದವನು ನಾನು. ಒಳ್ಳೆಯದಾಗಲಿ ಎಂದೇ ಮಾಡಿದೆ. ಪರೀಕ್ಷೆಯ ದಿನ ಗಂಟೆ ಹೊಡೆಯುವುದಕ್ಕೆ ಸ್ವಲ್ಪವೇ ಮುಂಚೆ, ಅವಳ ಮೇಜಿನ ಏಳನೇ ನಂಬರಿಗೆ ಹತ್ತು ಸೆಲ್ಲು ಜೋಡಿಸಿ, ಒಂದಿಷ್ಟು ಹೊತ್ತು ಕರೆಂಟು ಬಿಟ್ಟು, ವೈರು ತೆಗೆದಿಟ್ಟೆ. ಒಳಗೆ ಸ್ವಲ್ಪ ನಡೆದಿರಲಿ, ಹುಡುಗಿಗೆ ಕಾಯುವುದು ತಪ್ಪಲಿ ಎಂದುಕೊಂಡೆ. ಒಲೆ ಮೊದಲೇ ಬೆಚ್ಚಗಿದ್ದರೆ ರೊಟ್ಟಿ ಬೇಗ ಬೇಯುತ್ತದೆ ಅನ್ನುವ ಬುದ್ಧಿ ನನ್ನದು. ಅವಳು ಬಂದು ಒಂದು ಸೆಲ್ಲು ಜೋಡಿಸಿ ಗುಂಡಿ ಒತ್ತಿದಳು. ಏಳನೆಯದರ ಮೀಟರು 0.2 ತೋರಿಸಬೇಕಾದಲ್ಲಿ, ಬರಬೇಕಾದ ಹೊತ್ತಿಗೂ ಮುಂಚೆ ಮುಳ್ಳು ಎದ್ದು ಎರಡಕ್ಕೆ ಹೋಗಿ ನಿಂತಿತು. ಅವಳು ಕಂಡದ್ದನ್ನು ಕಂಡ ಹಾಗೆ ಬರೆದಳು. ಜೋಡಣೆಯೇ ತಪ್ಪಿರಬೇಕೆಂದು ಎಲ್ಲ ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ಒಂದು ತಾಸು ಹೋಯಿತು. ಪರೀಕ್ಷಕರು ಕೆಂಪು ಗೆರೆ ಎಳೆದರು. ನಾನು ಗೋಡೆಗೆ ಒರಗಿ ನಿಂತು ನೋಡಿದೆ. ಬಾಯಿ ಬಿಡಲಿಲ್ಲ.

ಕಾಗದ ಬಂದ ಆ ದಿನವೂ ಬಿಡಲಿಲ್ಲ. ಅವಳು ಏಳನೇ ನಂಬರನ್ನು ಬಿಚ್ಚಿ, ತಿರುಗಿಸಿ, ಎಲ್ಲಿ ತಪ್ಪಿದೆ ಎಂದು ಮೂರು ದಿನ ಹುಡುಕಿದಳು. ಅವಳು ಹುಡುಕುತ್ತಿದ್ದದ್ದು ಇಲ್ಲದ ತಪ್ಪನ್ನು. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಬುತ್ತಿ ಬಿಚ್ಚಿದಾಗ ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ.

"ಕಸ್ತೂರವ್ವ, ಹೋದ ಸಲ ನಿನ್ನ ಕೆಡಿಸಿದಾಂವ ನಾನ," ಎಂದೆ. ಮಾಡಿದ್ದನ್ನೆಲ್ಲ ಹೇಳಿದೆ.

ರೊಟ್ಟಿ ಅವಳ ಕೈಯಲ್ಲಿಯೇ ಇತ್ತು. ಬೈದರೆ ಬೈಸಿಕೊಳ್ಳೋಣ ಎಂದು ನಾನು ತಯಾರಾಗಿದ್ದೆ. ಅವಳು ಕೇಳಿದ್ದು ಬೇರೆ.

"ಎಷ್ಟೊತ್ತು ಬಿಟ್ಟಿದ್ರಿ, ಕಾಕಾ?"

ಐವತ್ತು ಹೆಜ್ಜೆ ಇರಬಹುದು ಎಂದೆ.

"ಐವತ್ತಽ. ಮುಳ್ಳು ಎದ್ದು ಐವತ್ತು ಹೆಜ್ಜಿ ನಿಂತು ಬಿದ್ದಿತ್ತು. ಆಮ್ಯಾಲೆ ನಾ ಬಿಚ್ಚಿ ಕಟ್ಟೂದ್ರಾಗ ಇದ್ದಾಗ ಮತ್ತ ಎದ್ದಿತ್ತು ನೋಡ್ರಿ, ಸಣ್ಣಾಗಿ. 0.2ಕ್ಕ. ಅದು ನಂದು." ರೊಟ್ಟಿಯನ್ನು ಕೆಳಗಿಟ್ಟಳು. "ನಿಮ್ದು ನಿಮ್ದಽ ಬಂತು, ನಂದು ನಂದಽ ಬಂತು. ಬೆರೀಲಿಲ್ಲ, ಕಾಕಾ."

ನನಗೆ ಆಗ ಅರ್ಥವಾಗಲಿಲ್ಲ. ಬೆರೆಯದಿದ್ದರೆ ಏನಾಯಿತು ಎಂದೆ. ಅವಳು, ನಮ್ಮವ್ವ ಹೂವು ಕಟ್ಟುವಾಗ ಒಂದು ಹೂವು ಗಿರಾಕಿಯ ತಲೆಗೆ ಹೋಗುವ ತನಕ ಇನ್ನೊಂದನ್ನು ಕಟ್ಟದೆ ಕೂರುತ್ತಾಳೇನು ಎಂದು ಕೇಳಿದಳು. ಒಂದರ ಹಿಂದೆ ಒಂದು, ನಡುವೆ ಒಂದು ಗಂಟು. ಅಷ್ಟು ಹೇಳಿ ಬುತ್ತಿ ಮುಚ್ಚಿ ಸೆಲ್ಲುಗಳನ್ನು ತರಲು ಎದ್ದಳು.

ಅಂದಿನಿಂದ ದಿನವೂ ತರಗತಿ ಮುಗಿದ ಮೇಲೆ ಅದೇ ಕೆಲಸ. ಒಂದು ಸೆಲ್ಲಿನ ಕರೆಂಟನ್ನು ಸ್ವಲ್ಪ ಬಿಡುವುದು, ನಿಲ್ಲಿಸುವುದು, ಅದು ಸುರುಳಿಯೊಳಗೆ ನಡೆಯುತ್ತಿರುವಾಗಲೇ ಅದರ ಬೆನ್ನಿಗೆ ಎರಡು ಸೆಲ್ಲಿನದನ್ನು ಬಿಡುವುದು. ಮೊದಲ ದಿನ ಗುಂಡಿ ಆರಿಸಿ ಒತ್ತುವುದರಲ್ಲಿ ತೀರ ಅವಸರವಾಗಿ, ನಡುವೆ ಜಾಗವೇ ಉಳಿಯದೆ, ಮುಳ್ಳು ಮೆಟ್ಟಿಲು ಹತ್ತಿದ ಹಾಗೆ ಏರಿಹೋಯಿತು. ಯಾವುದು ಎಲ್ಲಿ ಮುಗಿಯಿತು ತಿಳಿಯಲಿಲ್ಲ. ನಡುವೆ ಐದು ಹೆಜ್ಜೆ ಬಿಟ್ಟು ನೋಡಿದೆವು, ಸಾಲಲಿಲ್ಲ. ಹತ್ತು ಹೆಜ್ಜೆಗೆ ಸರಿಯಾಯಿತು. ಇಪ್ಪತ್ತು ಹೆಜ್ಜೆ ಬಿಡುವುದು, ಹತ್ತು ಹೆಜ್ಜೆ ತಡೆಯುವುದು. ಮುನ್ನೂರು ಹೆಜ್ಜೆಯಲ್ಲಿ ಹತ್ತೂ ಒಳಗೆ. ಪರೀಕ್ಷೆಯಲ್ಲಿ ಎದ್ದು ತಿರುಗುವಂತಿಲ್ಲವೆಂದು ಅವಳು ಮೇಜಿನ ಕೆಳಗೆ ಕಾಲಿನ ಹೆಬ್ಬೆರಳು ಕುಟ್ಟಿ ಎಣಿಸುವುದನ್ನು ಕಲಿತಳು. ನಾನು ವರಾಂಡದಲ್ಲಿ ನಡೆಯುವುದು, ಅವಳು ಒಳಗೆ ಕುಟ್ಟುವುದು. ಹತ್ತನೆಯ ದಿನದ ಹೊತ್ತಿಗೆ ಏಳುನೂರಕ್ಕೆ ಒಂದು ಹೆಜ್ಜೆಯೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಬೆಳವಡಿ ಸರ್ ಒಮ್ಮೆ ಬಂದು ನಿಂತು ನೋಡಿದರು. ಮುಳ್ಳು ಹತ್ತು ಸಲ ಎದ್ದು ಹತ್ತು ಸಲ ಕೂತಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇದೆಲ್ಲ ಸರಿ, ಪರೀಕ್ಷಕರು ಬಂದಾಗ ಮುಳ್ಳು ಸೊನ್ನೆಯಲ್ಲಿದ್ದರೆ ಸೊನ್ನೆಯೇ ಹಾಕಿ ಹೋಗುತ್ತಾರೆ, ಒಂಬತ್ತು ಸಾಲು ಸೂತ್ರದಿಂದ ಬರೆದುಬಿಡು ಮಗಳೇ, ಕೊನೆಯ ಸಲ ಇದು ಎಂದರು. ಅವಳು ಮತ್ತೆ ಒಂದು ಸೆಲ್ಲಿನಿಂದ ಶುರು ಮಾಡಿದಳು.

ಪರೀಕ್ಷಕರು ಹಿಂದಿನ ದಿನ ಸಂಜೆಯೇ ಬಂದಿಳಿದರು. ಶ್ರೀಕಂಠಯ್ಯ ಎಂದು ಹೆಸರು, ದಕ್ಷಿಣದ ಕಡೆಯವರು, ತೆಳ್ಳಗೆ ಎತ್ತರದ ಆಳು. ನಮ್ಮೂರಿಗೆ ಅದೇ ಮೊದಲು. ಲಾಡ್ಜಿನಲ್ಲಿ ಫ್ಯಾನಿನ ಗುಂಡಿ ಒತ್ತಿದರಂತೆ, ತಿರುಗಲಿಲ್ಲ. ಕೆಟ್ಟಿದೆ ಎಂದು ಕೋಣೆ ಬದಲಿಸಿದರಂತೆ. ಅಲ್ಲಿಯೂ ತಿರುಗಲಿಲ್ಲ. ನಾಲ್ಕನೆಯ ಕೋಣೆಯಲ್ಲಿ ಅವರು ಬೆವರುತ್ತ ಕೂತಾಗ ಹಿಂದಿನ ಮೂರು ಖಾಲಿ ಕೋಣೆಗಳಲ್ಲಿ ಫ್ಯಾನು ಭರ್ರನೆ ತಿರುಗುತ್ತಿದ್ದವು. ಬೆಳಿಗ್ಗೆ ಕಾಲೇಜಿಗೆ ಬಂದಾಗ ಅವರ ಕಣ್ಣು ಕೆಂಪಗಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಹೋಗಲೇಬೇಕು ಎಂದು ಬಂದ ಕೂಡಲೇ ಹೇಳಿದರು.

ಹೊಸ ತರಗತಿಯವರೂ ಸೇರಿ ಇಪ್ಪತ್ತೆರಡು ಮಂದಿ ಪರೀಕ್ಷೆಗೆ. ಕಸ್ತೂರಿಯ ಮೇಜು ಕಿಟಕಿಯ ಹತ್ತಿರ. ಈ ಸಲ ನಾನು ಯಾವುದನ್ನೂ ಮುಟ್ಟಿರಲಿಲ್ಲ. ಅವಳು ಜೋಡಿಸಿದಳು, ನಕ್ಷೆ ಬರೆದಳು, ಎರಡು ಸಲ ಗಂಟು ಎಳೆದು ನೋಡಿದಳು. ಆಮೇಲೆ ಒಂದು ಸೆಲ್ಲು, ಎರಡು ಸೆಲ್ಲು, ಮೂರು. ಮೊದಲ ಮೀಟರು ನೋಡುವುದು, ಬರೆಯುವುದು, ಆರಿಸುವುದು, ಒಂದು ಸೆಲ್ಲು ಸೇರಿಸುವುದು, ಒತ್ತುವುದು. ಮೇಜಿನ ಕೆಳಗೆ ಹೆಬ್ಬೆರಳು ನಡೆಯುತ್ತಿತ್ತು. ಹತ್ತು ಮುಗಿದ ಮೇಲೆ ಬ್ಯಾಟರಿಯ ವೈರುಗಳನ್ನು ಬಿಚ್ಚಿ, ಸುತ್ತಿ, ಮೇಜಿನ ಮೂಲೆಯಲ್ಲಿಟ್ಟು, ಕೈ ಕಟ್ಟಿ ಕೂತಳು.

ಶ್ರೀಕಂಠಯ್ಯನವರು ಆ ಮೇಜಿಗೆ ಬಂದದ್ದು ಸರಿಯಾಗಿ ಆಗಲೇ. ಅವರಿಗೆ ಕಂಡದ್ದು ಇಷ್ಟು: ಬ್ಯಾಟರಿ ಬಿಚ್ಚಿದೆ, ಮೂರು ಮುಳ್ಳೂ ಸೊನ್ನೆಯಲ್ಲಿವೆ, ಕಾಗದದಲ್ಲಿ ಒಂದು ಕಾಲಮ್ಮು ತುಂಬಿದೆ, ಎರಡು ಖಾಲಿ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಮೂರನೆಯ ಸಲ ಎಂದು ಬರೆದಿತ್ತು.

"ಏನಮ್ಮಾ, ಇಷ್ಟು ಬೇಗ ಕೈಚೆಲ್ಲಿ ಕೂತ್ಬಿಟ್ಯಾ?" ಎಂದರು. ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು.

ಕಸ್ತೂರಿ ಎದ್ದು ನಿಂತಳು. "ಇಲ್ರೀ ಸರ್. ಹತ್ತೂ ಹೊಂಟಾವ. ಇನ್ನೂ ದಾರ್ಯಾಗ ಅದಾವ."

ಅವರು ಪೆನ್ನಿನ ಮುಚ್ಚಳ ತೆಗೆದರು. ಆ ಪೆನ್ನು ಕಾಗದಕ್ಕೆ ಎರಡು ಬೆರಳಿನಷ್ಟು ದೂರದಲ್ಲಿತ್ತು. ಮೂವತ್ತೊಂದು ವರ್ಷದಲ್ಲಿ ಪರೀಕ್ಷೆಯ ಕೋಣೆಯಲ್ಲಿ ನಾನು ತುಟಿ ಬಿಚ್ಚಿದವನಲ್ಲ. ಅವಳೇ ಮೆಲ್ಲಗೆ, ಲೆಕ್ಕ ತಪ್ಪದಂತೆ ಹೆಬ್ಬೆರಳು ಕುಟ್ಟುತ್ತಲೇ, ಹೇಳಿದಳು. ಇನ್ನು ಅರವತ್ತು ಹೆಜ್ಜೆಗೆ ಮೂರನೇ ನಂಬರಿನ ಈ ಮುಳ್ಳು 0.3ಕ್ಕೆ ಏಳುತ್ತದೆ, ಇಪ್ಪತ್ತು ಹೆಜ್ಜೆ ನಿಂತು ಬೀಳುತ್ತದೆ, ಹತ್ತು ಹೆಜ್ಜೆಯ ಮೇಲೆ ಎರಡನೆಯದು ಬರುತ್ತದೆ. ಆ ಕಡೆಯ ಮುಳ್ಳು ಇನ್ನೂರು ಹೆಜ್ಜೆ ತಡವಾಗಿ ಏಳುತ್ತದೆ. ಬಂದ ಹಾಗೆ ಬರೆದುಕೊಳ್ಳುತ್ತೇನೆ. ಬರದಿದ್ದರೆ ನೀವು ಹಾಕುವುದನ್ನು ಹಾಕಿ.

ಅವರು ಬಿಚ್ಚಿಟ್ಟ ವೈರನ್ನು ನೋಡಿದರು. ಅವಳನ್ನು ನೋಡಿದರು. ಬೆಳವಡಿ ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಕೊನೆಗೆ ಶ್ರೀಕಂಠಯ್ಯನವರ ಕಣ್ಣು ನನ್ನ ಮೇಲೆ ಬಿತ್ತು. ಏನಯ್ಯಾ, ಈ ಹುಡುಗಿ ಹೇಳುವುದು ಉಂಟೇ ಎಂದು ಕೇಳಿದರು. ಕೇಳಿದ ಮೇಲೆ ಹೇಳಲೇಬೇಕಲ್ಲ.

"ನಾ ಹೇಳೂದ್ಕಿಂತ ನೀವು ನೋಡೂದು ಚಲೋ ರೀ," ಎಂದೆ.

ಅವರು ಪೆನ್ನನ್ನು ಹಾಗೆಯೇ ಹಿಡಿದು ಎಡಗೈಯ ಗಡಿಯಾರ ನೋಡುತ್ತ ನಿಂತರು. ಕೋಣೆಯಲ್ಲಿ ಎಲ್ಲರ ಕೈ ನಿಂತಿತು. ಅವಳ ಹೆಬ್ಬೆರಳಿನ ಸದ್ದು ಒಂದೇ. ನಾನು ಮನಸ್ಸಿನಲ್ಲೇ ವರಾಂಡದಲ್ಲಿ ನಡೆದೆ. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಮುಳ್ಳು ಎದ್ದಿತು.

0.3. ಇಪ್ಪತ್ತು ಹೆಜ್ಜೆ ನಿಂತಿತು, ಬಿದ್ದಿತು. ಆಮೇಲೆ 0.6. ಆಮೇಲೆ 0.9. ಯಾವುದಕ್ಕೂ ಕಟ್ಟಿರದ ತಂತಿಯಿಂದ, ಬ್ಯಾಟರಿ ದೂರದಲ್ಲಿ ಸುಮ್ಮನೆ ಕೂತಿರುವಾಗ, ಒಂದರ ಹಿಂದೆ ಒಂದು. ನಾಲ್ಕನೆಯದಕ್ಕೆ ಅವರು ಬಗ್ಗಿದರು. ಐದನೆಯದಕ್ಕೆ ನನ್ನ ಸ್ಟೂಲು ಎಳೆದುಕೊಂಡು ಕೂತರು. ಏಳನೇ ನಂಬರಿನ ಕಡೆಯ ಮುಳ್ಳು ಎದ್ದಾಗ, ನೀನು ಅದನ್ನು ನೋಡು, ಇದನ್ನು ನಾನು ಓದಿ ಹೇಳುತ್ತೇನೆ ಎಂದು ತಾವೇ ಹೇಳಿದರು. ಹತ್ತು ಸಾಲೂ ತುಂಬಿದವು. ಅವರು ಒಂದೊಂದು ಸಾಲನ್ನೂ ಬೆರಳಿಟ್ಟು ಕೂಡಿದರು. ಗಂಟಿಗೆ ಬಂದಷ್ಟೇ ಹೊರಗೆ ಬಂದಿತ್ತು, ಹತ್ತರಲ್ಲಿ ಹತ್ತು. ಆಮೇಲೆ ಅವರು ಉಳಿದ ಇಪ್ಪತ್ತೊಂದು ಕಾಗದಗಳನ್ನು ತರಿಸಿಕೊಂಡು ನೋಡಿದರು. ಅವೂ ಹತ್ತರಲ್ಲಿ ಹತ್ತೇ ಇದ್ದವು. ಇವುಗಳಲ್ಲಿ ಕಣ್ಣಿಂದ ನೋಡಿ ಬರೆದದ್ದು ಎಷ್ಟು ಎಂದು ಬೆಳವಡಿ ಸರ್ ಅವರನ್ನು ಕೇಳಿದರು. ಬೆಳವಡಿ ಸರ್ ಸುಳ್ಳು ಹೇಳಲಿಲ್ಲ. ಅದನ್ನು ಅವರ ದೊಡ್ಡತನ ಎಂದೇ ನಾನು ಇಂದಿಗೂ ಲೆಕ್ಕ ಹಾಕುತ್ತೇನೆ.

ನಾಲ್ಕು ಗಂಟೆಯ ಬಸ್ಸು ಹೋಯಿತು. ಮರುದಿನದ್ದೂ ಹೋಯಿತು. ಶ್ರೀಕಂಠಯ್ಯನವರು ಮೂರು ದಿನ ನಿಂತು ಇಪ್ಪತ್ತೊಂದು ಮಂದಿಗೂ ಮತ್ತೆ ಪರೀಕ್ಷೆ ಮಾಡಿದರು. ಒಬ್ಬೊಬ್ಬರ ಮೇಜಿಗೂ ಹೋಗಿ ಹೇಗೆ ಬಿಡಬೇಕು, ಎಷ್ಟು ತಡೆಯಬೇಕು ಎಂದು ತೋರಿಸಿಕೊಟ್ಟವಳು ಕಸ್ತೂರಿ. ಎರಡನೆಯ ಸಂಜೆ ಅವರು ಪೇಟೆಯ ಕಂಬದಿಂದ ಕೆರೆಯ ಕಂಬದ ತನಕ ಕರೆಂಟಿನ ಜೊತೆ ನಡೆದುಹೋದದ್ದನ್ನು ಊರು ನೋಡಿತು. ನೀಲವ್ವ ಹೂವಿನ ಬುಟ್ಟಿಯ ಹಿಂದಿನಿಂದ, "ಸಾವಕಾಶ ರೀ ಸಾಹೇಬ್ರ, ಮದಲಗಿತ್ತಿನೂ ಇಷ್ಟು ಓಡೂದಿಲ್ಲ," ಎಂದಳು. ಅವರು ನಿಂತು, ಬೆಳಕು ತಮ್ಮನ್ನು ಮುಟ್ಟಿದ ಮೇಲೆಯೇ ಮುಂದಿನ ಹೆಜ್ಜೆ ಇಟ್ಟರು. ಲಾಡ್ಜಿಗೆ ಹೋದವರು ಕೈಕಾಲು ತೊಳೆಯುವ ಮೊದಲೇ ಫ್ಯಾನಿನ ಗುಂಡಿ ಒತ್ತಿದರಂತೆ.

ಫಲಿತಾಂಶದ ಕಾಗದವನ್ನು ಕಸ್ತೂರಿ ನನಗೆ ಓದಿ ಹೇಳಬೇಕಾಗಲಿಲ್ಲ. ಬಾಗಿಲಲ್ಲಿ ನಿಂತ ರೀತಿಯಲ್ಲೇ ತಿಳಿಯಿತು. ಹಲಗೆಯ ಮೇಲಿನ ನೋಟಿಸನ್ನು ಅವಳೇ ನಾಲ್ಕು ಮೊಳೆ ಕಿತ್ತು ಬಿಚ್ಚಿಕೊಂಡಳು. ಮೊಳೆಗಳನ್ನು ನನ್ನ ಕೈಗೆ ಕೊಟ್ಟಳು. ಬೆಳವಡಿ ಸರ್ ಸೂತ್ರದ ರೂಢಿಯನ್ನು ಆ ವರ್ಷವೇ ಬಿಟ್ಟರು. ವರಾಂಡದಲ್ಲಿ ತಿರುಗುವವರು ಈಗ ಕಡಿಮೆ. ಪ್ರಯೋಗಶಾಲೆಯಲ್ಲಿ ಹೆಬ್ಬೆರಳು ಕುಟ್ಟುವ ಸದ್ದು ಇಂದಿಗೂ ಇದೆ.

ಅವಳು ಗುಡ್ಡಕ್ಕೆ ಹೋದ ಮೇಲಿನ ಸೋಮವಾರ ಸಂಜೆ ನಾನು ಮನೆಗೆ ಹೋಗದೆ ನೀಲವ್ವನ ಬುಟ್ಟಿಯ ಹತ್ತಿರ ಕಟ್ಟೆಯ ಮೇಲೆ ಕೂತೆ. ಗುರುವಾರ ಸಂಗಯ್ಯನ ಕೈಯಿಂದ ಗುಂಡಿ ಅವಳ ಕೈಗೆ ಬಂದಿರಬೇಕು, ಅಲ್ಲಿಂದ ನಾಲ್ಕು ದಿನ. ಪೇಟೆಯ ದೀಪ ಹತ್ತಿತು. ಒಂದಷ್ಟು ಹೊತ್ತು ಬೆಳಗಿ ಆರಿತು. ಮತ್ತೆ ಹತ್ತಿತು. ನೀಲವ್ವ ಹೂವಿನ ದಾರ ಕೈಯಲ್ಲಿ ಹಿಡಿದೇ ಎಣಿಸಿದಳು, ನಾನೂ ಎಣಿಸಿದೆ, ಇಪ್ಪತ್ತು ಹೆಜ್ಜೆ ಬೆಳಕು, ಹತ್ತು ಹೆಜ್ಜೆ ಕತ್ತಲೆ. ಹತ್ತು ಸಲ ಹಾಗಾದ ಮೇಲೆ ದೀಪ ನಿಂತು ಬೆಳಗಿತು. ಕೆರೆಯ ಕಡೆಯ ಕಂಬಗಳಲ್ಲಿ ಆ ಹತ್ತೂ ಒಂದರ ಹಿಂದೆ ಒಂದು ನಡೆದುಹೋಗುವುದು ಕಟ್ಟೆಯಿಂದ ಕಾಣುತ್ತಿತ್ತು. ನೀಲವ್ವ ಕೆರೆಯ ಕಂಬದ ದೀಪ ಹತ್ತುವ ತನಕ ನೋಡಿ, ದಾರವನ್ನು ಹಲ್ಲಿನಿಂದ ಕಡಿದು, ಒಂದು ಮೊಳ ಮಲ್ಲಿಗೆಯನ್ನು ಪೇಟೆಯ ಕಂಬಕ್ಕೆ ಸುತ್ತಿ ಬಂದಳು.

ಕಸ್ತೂರಿ ಹೂಗಾರ ಗುಡ್ಡದ ಬಸ್ಸು ಹತ್ತಿದ್ದು ಅದಕ್ಕೆ ಹಿಂದಿನ ಬುಧವಾರ, ಬೆಳಿಗ್ಗೆ ಎಂಟೂವರೆಗೆ.